ಅವರು ಯಾಕೆ ಊರು ಬಿಡಲಿಲ್ಲ? ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ದಿನ

ದಿನ 1, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ರಜೆಗೆ ನ್ಯೂ ಆರ್ಲಿಯನ್ಸ್‌ಗೆ ಹೋಗೋಣ ಅಂದವಳು ಮಗಳು. ಹನ್ನೊಂದನೇ ಕ್ಲಾಸು. ಇತಿಹಾಸದ ಪ್ರಾಜೆಕ್ಟ್‌ಗೆ 2005ರ ಕಟ್ರೀನಾ ಚಂಡಮಾರುತವನ್ನು ಆರಿಸಿಕೊಂಡಿದ್ದಳು. "ಅಮ್ಮ, ನೀನು ಆಗ ಹ್ಯೂಸ್ಟನ್‌ನಲ್ಲೇ ಇದ್ದೆ ಅಲ್ವಾ? ಏನು ನೆನಪಿದೆ ಹೇಳು" ಅಂತ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

ನನಗೆ ನೆನಪಿರುವುದು ಒಂದು ಬೀಗದ ಕೈ.

ಆ ವರ್ಷ ಸೆಪ್ಟೆಂಬರ್ ಮೊದಲ ವಾರ ನ್ಯೂ ಆರ್ಲಿಯನ್ಸ್‌ನಿಂದ ಬಸ್ಸುಗಟ್ಟಲೆ ಜನ ಹ್ಯೂಸ್ಟನ್‌ಗೆ ಬಂದಿಳಿದರು. ಆಸ್ಟ್ರೋಡೋಮ್ ಎಂಬ ಹಳೆಯ ಕ್ರೀಡಾಂಗಣದ ನೆಲದ ತುಂಬ ಮಡಚುವ ಮಂಚ ಹಾಕಿದ್ದರು. ನಾವು ನಾಲ್ಕೈದು ಕನ್ನಡದ ಮನೆಯವರು ಸೇರಿ ಟವೆಲ್, ಸೋಪು, ಹೊದಿಕೆ ತೆಗೆದುಕೊಂಡು ಹೋದೆವು. ಅಲ್ಲಿ ಒಬ್ಬ ಕಪ್ಪು ಅಜ್ಜಿ ಮಂಚದ ತುದಿಯಲ್ಲಿ ಕೂತಿದ್ದರು. ಯಾರೋ ಕೊಟ್ಟ ದೊಡ್ಡ ಅಂಗಿ, ಕಾಲಿಗೆ ಆಸ್ಪತ್ರೆಯ ಕಾಲುಚೀಲ. ಅಂಗಿಯ ಕೊರಳಪಟ್ಟಿಗೆ ಪಿನ್ನು ಚುಚ್ಚಿ ಮನೆಯ ಬೀಗದ ಕೈ ಸಿಕ್ಕಿಸಿಕೊಂಡಿದ್ದರು. ನನಗಾಗ ಇಪ್ಪತ್ತಾರು ವರ್ಷ. ಹೊದಿಕೆ ಕೊಟ್ಟು, ಸುಮ್ನೆ ಬರುವುದು ಬಿಟ್ಟು ಕೇಳಿಯೇಬಿಟ್ಟೆ: "ಮೊದಲೇ ಹೇಳಿದ್ದರಲ್ಲ, ಯಾಕೆ ಊರು ಬಿಟ್ಟು ಬರಲಿಲ್ಲ?"

ಅವರು ಸಿಟ್ಟಾಗಲಿಲ್ಲ. ನನ್ನ ಮುಖ ನೋಡಿ, "ಯಾವುದರಲ್ಲಿ ಬರಲಿ ಮಗಳೇ?" ಅಂದರು.

ಆಗ ಆ ಮಾತು ನನಗೆ ಅರ್ಥವಾಗಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನಮ್ಮ ಮಾತೆಲ್ಲ ಅದೇ. ಹೇಳಿದರೂ ಕೇಳಲಿಲ್ಲ ಈ ಜನ, ಸರ್ಕಾರದ ದುಡ್ಡಿನ ಮೇಲೆ ಕೂತವರು, ಟಿವಿಯಲ್ಲಿ ನೋಡಿದಿರಾ ಹೇಗೆ ಅಂಗಡಿ ಲೂಟಿ ಮಾಡ್ತಿದ್ದರು ಅಂತ. ನಾನೂ ತಲೆಯಾಡಿಸಿದೆ. ಇದನ್ನು ಮಗಳಿಗೆ ಹೇಳುವಾಗ ನಾಚಿಕೆಯಾಯಿತು. ಆದರೆ ಹೇಳಿದೆ. ಆ ಬೀಗದ ಕೈ ಯಾವ ಬಾಗಿಲಿನದು ಅಂತ ನೋಡಬೇಕು ಅನ್ನಿಸಿದ್ದು ಆ ರಾತ್ರಿಯೇ.

ಹ್ಯೂಸ್ಟನ್‌ನಿಂದ ಸುಮಾರು 350 ಮೈಲಿ. ಐ-10 ಹೆದ್ದಾರಿ ಹಿಡಿದರೆ ಬೋಮಾಂಟ್, ಲೇಕ್ ಚಾರ್ಲ್ಸ್, ಲಫಯೆಟ್. ಆಮೇಲೆ ಅಚಾಫಲಾಯ ಜೌಗಿನ ಮೇಲೆ 18 ಮೈಲಿ ಉದ್ದದ ಸೇತುವೆ. ನಮ್ಮ ಮನೆಯವರು ಡ್ರೈವ್ ಮಾಡುತ್ತಿದ್ದರು. ಹೊರಡುವ ಹಿಂದಿನ ದಿನ ಅವರ ಗೆಳೆಯರೊಬ್ಬರು ಫೋನ್ ಮಾಡಿ, "ಫ್ರೆಂಚ್ ಕ್ವಾರ್ಟರ್ ನೋಡ್ಕೊಂಡು ಬನ್ನಿ ಸಾಕು, ಆ ಕಡೆ ಏರಿಯಾಗೆಲ್ಲ ಹೋಗಬೇಡಿ" ಅಂದಿದ್ದರು. "ಆ ಕಡೆ" ಅಂದರೆ ಕಪ್ಪು ಜನ ಇರುವ ಕಡೆ. ನಮ್ಮವರಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಎಲ್ಲರಿಗೂ ಅರ್ಥವಾಗುತ್ತದೆ.

ಹಿಂದಿನ ಸೀಟಿನಲ್ಲಿ ಮಗಳು ತನ್ನ ಟಿಪ್ಪಣಿ ಓದುತ್ತಿದ್ದಳು. ಆಗಸ್ಟ್ 28, ಭಾನುವಾರ, ಮೇಯರ್ ರೇ ನೇಗಿನ್ ಎಲ್ಲರೂ ಊರು ಬಿಡಬೇಕು ಅಂತ ಆದೇಶ ಹೊರಡಿಸಿದರು. ಮರುದಿನ ಬೆಳಿಗ್ಗೆಯೇ ಚಂಡಮಾರುತ ನೆಲ ಮುಟ್ಟಿತು. ಹೆದ್ದಾರಿಯ ಎರಡೂ ಬದಿಯನ್ನು ಹೊರಹೋಗುವ ಕಾರುಗಳಿಗೇ ಬಿಟ್ಟರು. ಆ ಏರ್ಪಾಡು ಚೆನ್ನಾಗಿಯೇ ನಡೆಯಿತು. ಆದರೆ ಆ ಊರಲ್ಲಿ ನಾಲ್ಕು ಮನೆಗೆ ಒಂದಕ್ಕಿಂತ ಜಾಸ್ತಿ ಮನೆಯಲ್ಲಿ ಕಾರೇ ಇರಲಿಲ್ಲ. ತಿಂಗಳ ಕೊನೆ ಬೇರೆ, ಕೈಯಲ್ಲಿ ದುಡ್ಡಿಲ್ಲ. ನೂರಾರು ಶಾಲಾ ಬಸ್ಸುಗಳು ಮಾತ್ರ ನಿಂತಲ್ಲೇ ನಿಂತು, ನೀರಲ್ಲಿ ಮುಳುಗಿದವು.

ಅಜ್ಜಿಯ ಮಾತು ನನಗೆ ಅರ್ಥವಾಗಲು ಮೂರೇ ವಾರ ಬೇಕಾಯಿತು. ಸೆಪ್ಟೆಂಬರ್ ಮೂರನೇ ವಾರ ರೀಟಾ ಚಂಡಮಾರುತ ನಮ್ಮ ಕಡೆಗೇ ತಿರುಗಿತು. ಹ್ಯೂಸ್ಟನ್ ಸುತ್ತಮುತ್ತಲಿನ ಲಕ್ಷಾಂತರ ಜನ ಒಟ್ಟಿಗೆ ರಸ್ತೆಗಿಳಿದರು. ಆಸ್ಟಿನ್‌ಗೆ ಮೂರು ಗಂಟೆಯ ದಾರಿ. ನಾವು ಹತ್ತೊಂಬತ್ತು ಗಂಟೆ ಕಾರಿನಲ್ಲಿ ಕೂತೆವು. ನಮಗೆ ಕಾರಿತ್ತು, ಟ್ಯಾಂಕ್ ತುಂಬ ಪೆಟ್ರೋಲ್ ಇತ್ತು, ಕ್ರೆಡಿಟ್ ಕಾರ್ಡ್ ಇತ್ತು, ಆಸ್ಟಿನ್‌ನಲ್ಲಿ ಬಾಗಿಲು ತೆಗೆಯುವ ಗೆಳೆಯರ ಮನೆ ಇತ್ತು. ಇಷ್ಟೆಲ್ಲ ಇದ್ದೂ ದಾರಿಯಲ್ಲಿ ನಾನು ಅತ್ತೆ.

ಸಂಜೆ ಐದರ ಹೊತ್ತಿಗೆ ಊರು ಕಾಣಿಸಿತು. ಹೆದ್ದಾರಿಯ ಪಕ್ಕದಲ್ಲೇ ಸೂಪರ್‌ಡೋಮ್ ಕ್ರೀಡಾಂಗಣ, ದೊಡ್ಡ ಕಂಚಿನ ಬೋಗುಣಿ ಬೋರಲು ಹಾಕಿದ ಹಾಗೆ. ಆಗ ಅಲ್ಲಿ 25 ಸಾವಿರಕ್ಕೂ ಹೆಚ್ಚು ಜನ ಸಿಕ್ಕಿಕೊಂಡಿದ್ದರು. ಚಾವಣಿಯ ಹೊದಿಕೆ ಹರಿದಿತ್ತು, ಕರೆಂಟಿಲ್ಲ, ಕಕ್ಕಸುಗಳು ಕಟ್ಟಿ ಹರಿಯುತ್ತಿದ್ದವು. ಒಳಗೆ ಕೊಲೆ, ಅತ್ಯಾಚಾರ, ನೂರಾರು ಹೆಣ ಅಂತ ಸುದ್ದಿ ಹಬ್ಬಿತು. ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥರೇ ಟಿವಿಯಲ್ಲಿ ಕೂತು ಹೇಳಿದರು. ಕೊನೆಗೆ ಸಿಕ್ಕಿದ್ದು ಸೂಪರ್‌ಡೋಮ್‌ನಲ್ಲಿ ಆರು ಶವ, ಜನ ಆಶ್ರಯ ಪಡೆದಿದ್ದ ಇನ್ನೊಂದು ಜಾಗ ಸಮಾವೇಶ ಭವನದಲ್ಲಿ ನಾಲ್ಕು. ಸೂಪರ್‌ಡೋಮ್‌ನ ಆರರಲ್ಲಿ ಒಂದೂ ಕೊಲೆಯಲ್ಲ. ಅಲ್ಲಿನ ದಿನಪತ್ರಿಕೆ 'ಟೈಮ್ಸ್-ಪಿಕಯೂನ್' ತಿಂಗಳ ಕೊನೆಯಲ್ಲಿ ಇದನ್ನು ಬರೆಯಿತು. ಅಷ್ಟು ಹೊತ್ತಿಗೆ ನಾವೆಲ್ಲ ಮೊದಲನೆಯ ಸುದ್ದಿ ನಂಬಿ ಮುಗಿದಿತ್ತು.

ದಿನ 2, ಶುಕ್ರವಾರ

ಬೆಳಿಗ್ಗೆಯೇ ಲೋವರ್ ನೈಂತ್ ವಾರ್ಡ್ ಎಂಬ ಬಡಾವಣೆಗೆ ಹೊರಟೆವು. ಕ್ಲೇಬೋರ್ನ್ ಅವೆನ್ಯೂ ಸೇತುವೆ ಇಂಡಸ್ಟ್ರಿಯಲ್ ಕೆನಾಲ್ ಎಂಬ ಕಾಲುವೆಯನ್ನು ದಾಟಿಸುತ್ತದೆ. ಸೇತುವೆಯ ಮೇಲಿಂದ ಎಡಗಡೆ ನೋಡಿದರೆ ಬಿಳಿ ಕಾಂಕ್ರೀಟಿನ ಎತ್ತರದ ಗೋಡೆ, ಅದರಾಚೆ ಹುಲ್ಲು. ಬರೀ ಹುಲ್ಲು. ನಡುನಡುವೆ ಒಂದೊಂದು ಮನೆ.

ಡೆಸ್ಲಾಂಡ್ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದೆವು. ಮೊದಲು ಕಂಡಿದ್ದು ಮೆಟ್ಟಿಲು. ಮೂರು ಸಿಮೆಂಟಿನ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳುವ ಕಂಬಿ, ತುಕ್ಕು ಹಿಡಿದದ್ದು. ಹತ್ತಿ ಮೇಲೆ ಹೋದರೆ ಏನೂ ಇಲ್ಲ, ಗಾಳಿ. ಮೂರನೆಯ ಮೆಟ್ಟಿಲ ಮೇಲೆ ಹಳದಿ, ನೀಲಿ ಹೆಂಚಿನ ಚೂರು ಕೂರಿಸಿ ಯಾರೋ ಹೂವಿನ ಚಿತ್ತಾರ ಮಾಡಿದ್ದರು. ಬಿರುಕಿನಲ್ಲಿ ಹುಲ್ಲು ಬೆಳೆದು ಒಂದು ಎಸಳು ಎದ್ದು ಬಂದಿತ್ತು. ನಮ್ಮೂರಲ್ಲಿ ಹೊಸ್ತಿಲಿಗೆ ಮಾಡುವ ಹಾಗೆಯೇ ಯಾರೋ ಕೂತು, ಬಗ್ಗಿ, ಒಂದೊಂದೇ ಚೂರು ಜೋಡಿಸಿದ್ದಾರೆ. ಮಗಳು ಫೋಟೊ ತೆಗೆಯಲು ಫೋನು ಎತ್ತಿದವಳು ಇಳಿಸಿದಳು.

ಅಂದು ಬೆಳಿಗ್ಗೆ ಇಲ್ಲಿ ತಡೆಗೋಡೆ ಒಡೆದಾಗ ನೀರು ಮೆಲ್ಲಗೆ ಏರಲಿಲ್ಲ, ಗೋಡೆಯ ಹಾಗೆ ನುಗ್ಗಿತು. ಕಾಲುವೆಯಲ್ಲಿ ನಿಂತಿದ್ದ ದೊಡ್ಡ ಕಬ್ಬಿಣದ ದೋಣಿಯೊಂದು ಒಡಕಿನೊಳಗಿಂದ ತೇಲಿಬಂದು ಮನೆಗಳ ಮೇಲೆ ಕೂತಿತು. ಮನೆಗಳು ಅಡಿಪಾಯ ಬಿಟ್ಟೆದ್ದು ಒಂದಕ್ಕೊಂದು ಡಿಕ್ಕಿ ಹೊಡೆದವು. 2000ದ ಜನಗಣತಿಯಲ್ಲಿ ಈ ಬಡಾವಣೆಯಲ್ಲಿ 14 ಸಾವಿರ ಜನ, ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನ. 2010ರಲ್ಲಿ ಮೂರು ಸಾವಿರವೂ ಇಲ್ಲ.

ಇದು ಕೊಳೆಗೇರಿಯಾಗಿರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಆಗ ಟಿವಿ ನೋಡಿ ನಾವು ಹಾಗೇ ಅಂದುಕೊಂಡಿದ್ದೆವು. ಇಲ್ಲಿನ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಇದ್ದವರು ಬಾಡಿಗೆಯವರಲ್ಲ, ಮಾಲೀಕರು. ಬಂದರಿನ ಹಮಾಲರು, ಹೋಟೆಲ್ ಕೆಲಸದವರು, ಟೀಚರುಗಳು ಉಳಿಸಿ ಕಟ್ಟಿದ ಮನೆಗಳು. ರಾಕ್ ಅಂಡ್ ರೋಲ್ ಸಂಗೀತದ ದೊಡ್ಡ ಹೆಸರು ಫ್ಯಾಟ್ಸ್ ಡೊಮಿನೊ ಎಷ್ಟು ದುಡ್ಡು ಬಂದರೂ ಈ ಬಡಾವಣೆ ಬಿಡಲಿಲ್ಲ. ಪ್ರವಾಹದಲ್ಲಿ ಅವರು ಸತ್ತರು ಅಂತಲೇ ಜನ ಅಂದುಕೊಂಡಿದ್ದರು. ಆದರೆ ಅವರನ್ನು ಕಾಪಾಡಿದ್ದರು.

ಒಂದು ಮನೆಯ ಜಗಲಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಕೂತಿದ್ದರು. ನಮ್ಮನ್ನು ನೋಡಿ ಕೈ ಎತ್ತಿದರು. ಪ್ರವಾಸಿಗಳು ಬಂದು ಕಾರಿನ ಕಿಟಕಿಯಿಂದ ಫೋಟೊ ತೆಗೆದು ಹೋಗುವುದು ಅವರಿಗೆ ಬೇಸರ, ಇಳಿದು ಮಾತಾಡಿದರೆ ಸಂತೋಷ. ನಾವು ಇಂಡಿಯಾದವರು, ಹ್ಯೂಸ್ಟನ್‌ನಲ್ಲಿ ಇರುವವರು ಅಂದೆ. "ಹ್ಯೂಸ್ಟನ್! ಎಂಟು ವರ್ಷ ಇದ್ದೆ ಅಲ್ಲಿ. ಬೇಕು ಅಂತ ಅಲ್ಲ" ಅಂದರು. ಜಗಲಿಯ ಮೇಲೇ ಕುರ್ಚಿ ಹಾಕಿ ಕೂರಿಸಿದರು.

1965ರಲ್ಲಿ ಬೆಟ್ಸಿ ಚಂಡಮಾರುತ ಬಂದಾಗ ಅವರು ಚಿಕ್ಕ ಹುಡುಗ. ಆಗಲೂ ಇದೇ ಬಡಾವಣೆ ಮುಳುಗಿತ್ತು. ಅಪ್ಪ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ದಾಟಿಸಿದರಂತೆ. ಅಂದಿನಿಂದ ಈ ಮನೆಗಳ ಅಟ್ಟದಲ್ಲಿ ಒಂದು ಕೊಡಲಿ ಇಡುವ ರೂಢಿ. ನೀರು ಏರಿದರೆ ಅಟ್ಟಕ್ಕೆ ಹತ್ತುತ್ತಾರೆ, ಅಲ್ಲಿಗೂ ಬಂದರೆ ಚಾವಣಿ ಕಡಿದು ಹೊರಗೆ ಬರಬೇಕು. 2005ರಲ್ಲಿ ಕೊಡಲಿ ಇದ್ದವರು ಉಳಿದರು. ವಯಸ್ಸಾದವರಿಗೆ ಅಟ್ಟ ಹತ್ತುವುದೂ ಆಗಲಿಲ್ಲ. ಲೂಸಿಯಾನದಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ 75 ದಾಟಿದವರು.

"ಬೇಕಂತಲೇ ಒಡೆದರು" ಅಂದರು ಅಜ್ಜ, ಬೆಟ್ಸಿಯ ಬಗ್ಗೆ. "ಸಿಡಿಮದ್ದಿನ ಸದ್ದು ಅಪ್ಪ ಕೇಳಿದ್ದರು." ನಮ್ಮ ಮನೆಯವರು ಎಂಜಿನಿಯರ್, ಮುಖ ಸ್ವಲ್ಪ ಬದಲಾಯಿತು. ನಾನೂ ಓದಿ ನೋಡಿದ್ದೇನೆ. 1965ರಲ್ಲಾಗಲಿ, 2005ರಲ್ಲಾಗಲಿ ಸಿಡಿಮದ್ದು ಇಟ್ಟಿದ್ದಕ್ಕೆ ಸಾಕ್ಷಿಯಿಲ್ಲ. ಆದರೆ 1927ರಲ್ಲಿ ಇಟ್ಟಿದ್ದು ನಿಜ. ಆ ವರ್ಷ ಮಿಸಿಸಿಪ್ಪಿ ಉಕ್ಕಿದಾಗ ಊರಿನ ಬ್ಯಾಂಕಿನವರು, ವ್ಯಾಪಾರಿಗಳು ಸೇರಿ ಸರ್ಕಾರದ ಒಪ್ಪಿಗೆಯಲ್ಲೇ ಕೆಳಗಿನ ಕಾರ್ನಾರ್ವನ್ ಬಳಿ ನದಿಯ ಏರಿಗೆ ಡೈನಮೈಟ್ ಇಟ್ಟು ಒಡೆಸಿದರು. ಅಲ್ಲಿ ಮುಳುಗಿದವರಲ್ಲಿ ಬಡ ಬಿಳಿಯರೂ ಬಹಳ ಇದ್ದರು. ಕೊಡುತ್ತೇವೆ ಅಂದ ಪರಿಹಾರದಲ್ಲಿ ಬಹುತೇಕರ ಕೈಗೆ ಸಿಕ್ಕಿದ್ದು ಪುಡಿಗಾಸು. ಹೀಗೆ ಒಮ್ಮೆ ಮಾಡಿದ ಊರಿನಲ್ಲಿ ಇನ್ನೊಮ್ಮೆ ಮಾಡಿದರು ಅಂತ ಜನ ನಂಬಿದರೆ ಅದನ್ನು ಮೂಢನಂಬಿಕೆ ಅನ್ನಲು ನನಗೆ ಬಾಯಿ ಬರಲಿಲ್ಲ.

2005ರಲ್ಲಿ ಆಗಿದ್ದು ಬೇರೆ. ತಡೆಗೋಡೆ ಕಟ್ಟಿದ್ದು ಸೇನೆಯ ಎಂಜಿನಿಯರ್ ದಳ. ವಿನ್ಯಾಸದಲ್ಲೇ ತಪ್ಪಿತ್ತು ಅಂತ ಅವರೇ 2006ರಲ್ಲಿ ಒಪ್ಪಿಕೊಂಡರು. ಆದರೂ ದಾವೆ ಹಾಕುವಂತಿಲ್ಲ. ಪ್ರವಾಹ ತಡೆಯುವ ಕಟ್ಟಡಗಳಿಂದ ಆದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಅಂತ 1928ರ ಕಾನೂನಿನಲ್ಲೇ ಬರೆದುಕೊಂಡಿದ್ದಾರೆ.

"ನೀವು ಯಾಕೆ ಎಂಟು ವರ್ಷ ಬರಲಿಲ್ಲ?" ಅಂತ ಮಗಳು ಕೇಳಿದಳು. ಅಜ್ಜ ಒಳಗೆ ಹೋಗಿ ಒಂದು ಫೈಲು ತಂದರು. ಪ್ಲಾಸ್ಟಿಕ್ ಹಾಳೆಯೊಳಗೆ ಅರ್ಜಿಗಳು, ರಸೀದಿಗಳು, ಒಂದೊಂದರ ಮೂಲೆಯಲ್ಲೂ ಪೆನ್ನಿನಲ್ಲಿ ಬರೆದ ತಾರೀಕು. ಮನೆ ಕಟ್ಟಿಕೊಳ್ಳಲು 'ರೋಡ್ ಹೋಮ್' ಅಂತ ಸರ್ಕಾರದ ಯೋಜನೆ ಬಂತು. ಲೆಕ್ಕ ಹೇಗೆಂದರೆ, ಪ್ರವಾಹಕ್ಕೆ ಮುಂಚಿನ ಮನೆಯ ಬೆಲೆ ಎಷ್ಟು, ರಿಪೇರಿ ಖರ್ಚು ಎಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಹಣ. ಕೇಳಿದರೆ ಸರಿಯಾಗೇ ಇದೆ ಅನ್ನಿಸುತ್ತದೆ. ಬಣ್ಣದ ಹೆಸರೇ ಇಲ್ಲ. ಈಗ ಎರಡು ಮನೆ ಇಟ್ಟುಕೊಳ್ಳಿ, ಒಂದೇ ಅಳತೆ, ಒಂದೇ ವಯಸ್ಸು. ಎರಡಕ್ಕೂ ರಿಪೇರಿಗೆ ಒಂದು ಲಕ್ಷ ಡಾಲರ್ ಬೇಕು. ಬಿಳಿಯರ ಬಡಾವಣೆಯ ಮನೆಯ ಬೆಲೆ ಎರಡು ಲಕ್ಷ, ಹಾಗಾಗಿ ಒಂದು ಲಕ್ಷದ ಲೆಕ್ಕ. ಕಪ್ಪು ಜನರ ಬಡಾವಣೆಯಲ್ಲಿ ಅದೇ ಮನೆಯ ಬೆಲೆ ಅರವತ್ತು ಸಾವಿರ, ಲೆಕ್ಕವೂ ಅರವತ್ತಕ್ಕೇ ನಿಂತಿತು. ಉಳಿದ ನಲವತ್ತು ಸಾವಿರ ಎಲ್ಲಿಂದ ತರಬೇಕು? ಇಟ್ಟಿಗೆ, ಮರ, ಕೂಲಿಗೆ ಇಬ್ಬರಿಗೂ ಒಂದೇ ರೇಟು. 2008ರಲ್ಲಿ ಇದರ ವಿರುದ್ಧ ದಾವೆ ಹೂಡಿದರು, 2011ರಲ್ಲಿ 6.2 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಷ್ಟರಲ್ಲಿ ಆರು ವರ್ಷ ಕಳೆದಿತ್ತು.

ಪ್ರವಾಹ ಬಣ್ಣ ನೋಡಲಿಲ್ಲ, ಇದನ್ನೂ ಹೇಳಬೇಕು. ಸರೋವರದ ಪಕ್ಕದ ಲೇಕ್‌ವ್ಯೂ ಅನುಕೂಲಸ್ಥ ಬಿಳಿಯರ ಬಡಾವಣೆ, ಅದೂ ಮುಳುಗಿತು. ಆದರೆ ಈಗ ಹೋಗಿ ನೋಡಿದರೆ ಅಲ್ಲಿ ಸಾಲು ಸಾಲು ಹೊಸ ಮನೆ. ಇಲ್ಲಿ ಮೆಟ್ಟಿಲು.

ಅಜ್ಜನ ಪಕ್ಕದ ಖಾಲಿ ಮನೆಯ ಗೋಡೆಯಲ್ಲಿ ಒಂದು ದೊಡ್ಡ ಗುಣಿಸು ಗುರುತು ಇನ್ನೂ ಇತ್ತು. ಸ್ಪ್ರೇ ಬಣ್ಣದ್ದು, ಮಾಸಿದೆ. ಹುಡುಕಲು ಬಂದ ತಂಡಗಳು ಪ್ರತಿ ಮನೆಗೂ ಹಾಕಿದ ಗುರುತು ಅದು. ಮೇಲೆ ತಾರೀಕು, ಎಡಕ್ಕೆ ತಂಡದ ಹೆಸರು, ಬಲಕ್ಕೆ ಅಪಾಯವೇನಿದೆ ಎಂಬುದು, ಕೆಳಗೆ ಸಿಕ್ಕ ಹೆಣಗಳ ಸಂಖ್ಯೆ. ಈ ಗೋಡೆಯ ಕೆಳಗೆ ಸೊನ್ನೆ ಇತ್ತು. ಮೇಲೆ 9-14 ಅಂತ. ಅಂದರೆ ಸೆಪ್ಟೆಂಬರ್ 14. ನಮ್ಮ ಮನೆಯವರು ಬೆರಳಲ್ಲಿ ಎಣಿಸಿದರು. ಬಾಗಿಲು ತಟ್ಟಲು ಹದಿನಾರು ದಿನ.

ಹೊರಡುವಾಗ ಆ ಆಸ್ಟ್ರೋಡೋಮ್ ಅಜ್ಜಿಯ ಕಥೆ ಹೇಳಿದೆ. ನಾನು ಕೇಳಿದ ಪ್ರಶ್ನೆಯನ್ನೂ ಮುಚ್ಚಿಡಲಿಲ್ಲ. ಅಜ್ಜ ಸ್ವಲ್ಪ ಹೊತ್ತು ಕಾಲುವೆಯ ಗೋಡೆ ನೋಡಿದರು. "ಎಲ್ಲರೂ ಕೇಳಿದರಮ್ಮ. ಗೋಡೆ ಯಾಕೆ ನಿಲ್ಲಲಿಲ್ಲ ಅಂತ ಕೇಳಿದವರು ಕಡಿಮೆ" ಅಂದರು.

ದಿನ 3, ಶನಿವಾರ

ಫ್ರೆಂಚ್ ಕ್ವಾರ್ಟರ್. ಕಬ್ಬಿಣದ ಹೂಬಳ್ಳಿಯ ಬಾಲ್ಕನಿಗಳು, ಬೀದಿಯಲ್ಲಿ ಕಹಳೆ. ಊರಿನ ಹಳೆಯ ಭಾಗ ಇದು, ನದಿ ತಂದ ಮಣ್ಣಿನಿಂದ ಎತ್ತರವಾದ ಜಾಗ. 2005ರಲ್ಲಿ ಊರಿನ 80 ಪರ್ಸೆಂಟ್ ಮುಳುಗಿದರೂ ಇದು ಹೆಚ್ಚುಕಡಿಮೆ ಒಣಗೇ ಇತ್ತು. ಇಲ್ಲಿನ ಕಾಫಿಗೆ ಚಿಕೋರಿ ಹಾಕುತ್ತಾರೆ. ಮೊದಲ ಗುಟುಕಿಗೇ ನಮ್ಮ ಮನೆಯವರ ಮುಖ ಅರಳಿತು, ನಮ್ಮ ಫಿಲ್ಟರ್ ಕಾಫಿಯದೇ ವಾಸನೆ.

ಜಾಕ್ಸನ್ ಚೌಕದ ಪ್ರೆಸ್ಬಿಟೇರ್ ಕಟ್ಟಡದಲ್ಲಿ ಚಂಡಮಾರುತದ ಮ್ಯೂಸಿಯಂ ಇದೆ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗೋಡೆ. ಬಿ. ಡಬ್ಲ್ಯು. ಕೂಪರ್ ಎಂಬ ಸರ್ಕಾರಿ ವಸತಿಯಲ್ಲಿದ್ದ ಒಬ್ಬರು ಊರು ಬಿಡದೆ ಉಳಿದಿದ್ದರು. ತಮ್ಮ ಮನೆಯ ಗೋಡೆಯ ಮೇಲೆ ಕಪ್ಪು ಮಾರ್ಕರಿನಲ್ಲಿ ಎಂಟು ವಾರ ದಿನಚರಿ ಬರೆದರು. ಆ ವಸತಿಯನ್ನು ಆಮೇಲೆ ಕೆಡವಿದರು. 2007ರ ಡಿಸೆಂಬರ್‌ನಲ್ಲಿ ನಗರಸಭೆ ಅಂಥ ನಾಲ್ಕು ವಸತಿಗಳ ಸುಮಾರು 4,500 ಮನೆ ಕೆಡವಲು ಒಮ್ಮತದಿಂದ ಒಪ್ಪಿತು. ಅವುಗಳಲ್ಲಿದ್ದವರು ಬಹುತೇಕ ಕಪ್ಪು ಕುಟುಂಬಗಳು. ಮ್ಯೂಸಿಯಂನವರು ಗೋಡೆಯ ಮೇಲ್ಪದರವನ್ನು ಮಾತ್ರ ಎತ್ತಿ ತಂದು ಉಳಿಸಿದ್ದಾರೆ. ತಾರೀಕು, ಅವತ್ತು ಬಿಸಿಲೋ ಮಳೆಯೋ, ಕಾಲು ನೋವು, ಊಟ. ಅಕ್ಷರ ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು. ನಾನು ಕೈ ಕಟ್ಟಿಕೊಂಡು ಬಹಳ ಹೊತ್ತು ನಿಂತೆ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮಗಳು ತನ್ನ ಪ್ರಾಜೆಕ್ಟ್‌ನ ಎರಡು ಫೋಟೊ ತೋರಿಸಿದಳು. ಎರಡೂ 2005ರ ಆಗಸ್ಟ್ 30ರವು. ಎದೆಮಟ್ಟದ ನೀರಿನಲ್ಲಿ ಜನ ತಿನ್ನುವ ಸಾಮಾನು ಹಿಡಿದುಕೊಂಡು ನಡೆಯುತ್ತಿದ್ದಾರೆ. ಒಂದರಲ್ಲಿ ಕಪ್ಪು ಹುಡುಗ. ಕೆಳಗಿನ ಬರಹದಲ್ಲಿ ಅವನು ಕಿರಾಣಿ ಅಂಗಡಿ "ಲೂಟಿ" ಮಾಡಿ ಬರುತ್ತಿದ್ದಾನೆ. ಇನ್ನೊಂದರಲ್ಲಿ ಬಿಳಿಯ ಗಂಡಸು, ಹೆಂಗಸು. ಅವರಿಗೆ ಬ್ರೆಡ್ಡು, ಸೋಡಾ ಅಂಗಡಿಯಿಂದ "ಸಿಕ್ಕಿದೆ". ಬೇರೆ ಬೇರೆ ಸುದ್ದಿಸಂಸ್ಥೆ, ಬೇರೆ ಬೇರೆ ಫೋಟೊಗ್ರಾಫರ್. ನಾವು ಕಂಡಿದ್ದನ್ನೇ ಬರೆದೆವು ಅಂತ ಇಬ್ಬರ ಕಡೆಯವರೂ ಹೇಳಿದರು. ಇರಬಹುದು. ನನ್ನ ಪ್ರಶ್ನೆ ನನಗೇ. ಆ ವಾರ ಟಿವಿ ಮುಂದೆ ಕೂತು "ಲೂಟಿ" ಎಂಬ ಮಾತನ್ನು ನಾನೇ ಎಷ್ಟು ಸಲ ಅಂದೆ? ಮೂರು ದಿನ ನೀರಿಲ್ಲದೆ ನನ್ನ ಮಗು ಅಳುತ್ತಿದ್ದರೆ ನಾನು ಅಂಗಡಿಯ ಬಾಗಿಲು ಒಡೆಯುತ್ತಿರಲಿಲ್ಲವೇ?

"ಅಮ್ಮ, ಇದನ್ನು ಕೇಳು" ಅಂತ ಮಗಳು ಓದಿದಳು. ಪ್ಯೂ ಸಂಶೋಧನಾ ಕೇಂದ್ರ ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜನರನ್ನು ಕೇಳಿತ್ತು: ಸಿಕ್ಕಿಕೊಂಡವರು ಬಿಳಿಯರೇ ಆಗಿದ್ದರೆ ಸರ್ಕಾರ ಬೇಗ ಬರುತ್ತಿತ್ತಾ? ಕಪ್ಪು ಜನರಲ್ಲಿ 66 ಪರ್ಸೆಂಟ್ ಹೌದು ಅಂದರು. ಬಿಳಿಯರಲ್ಲಿ 77 ಪರ್ಸೆಂಟ್, ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಅಂದರು. ಒಂದೇ ಟಿವಿ, ಒಂದೇ ನೀರು, ನೋಡಿದ್ದು ಎರಡು. ನಮ್ಮಂಥವರು ಆ ಲೆಕ್ಕದಲ್ಲಿ ಎಲ್ಲಿ ಬರುತ್ತೇವೆ ಅಂತ ಮಗಳು ಕೇಳಿದಳು. ಯಾರೂ ನಮ್ಮನ್ನು ಕೇಳಿರಲಿಲ್ಲ. ಕೇಳಿದ್ದರೆ ನಾನು 77ರ ಜೊತೆ ನಿಲ್ಲುತ್ತಿದ್ದೆ. ಹಾಗೇ ಹೇಳಿದೆ.

ಸಂಜೆ ಕೆನಾಲ್ ಸ್ಟ್ರೀಟ್ ದಂಡೆಯಿಂದ ದೋಣಿ ಹತ್ತಿ ನದಿಯಾಚೆಯ ಆಲ್ಜಿಯರ್ಸ್ ಪಾಯಿಂಟಿಗೆ ಹೋದೆವು. ಸುತ್ತ ಕಪ್ಪು ಜನರ ಬಡಾವಣೆಗಳು, ಇದೊಂದು ಮಾತ್ರ ಹೆಚ್ಚಾಗಿ ಬಿಳಿಯರದು. ಬಣ್ಣ ಬಣ್ಣದ ಮರದ ಮನೆಗಳು, ಚೆಂದದ ಬೀದಿಗಳು. ಇಲ್ಲಿಗೆ ನೀರು ಬರಲಿಲ್ಲ. ಜನರನ್ನು ಸುರಕ್ಷಿತ ಊರುಗಳಿಗೆ ಸಾಗಿಸಲು ಇದೇ ದೋಣಿಕಟ್ಟೆ ಗೊತ್ತು ಮಾಡಿದ್ದರು. ಅದಕ್ಕಾಗಿ ನಡೆದು ಬರುತ್ತಿದ್ದ ಕಪ್ಪು ಯುವಕರ ಮೇಲೆ ಇಲ್ಲಿನ ಕೆಲವು ಬಿಳಿಯ ಗಂಡಸರು ಬಂದೂಕು ಹಿಡಿದು ಕಾವಲು ನಿಂತು ಗುಂಡು ಹಾರಿಸಿದರು. ಪತ್ರಕರ್ತರು 2008ರಲ್ಲಿ ಬರೆದ ಮೇಲೆ ತನಿಖೆ ಗಟ್ಟಿಯಾಯಿತು. ಒಬ್ಬನಿಗೆ ಶಿಕ್ಷೆಯಾಗಿದ್ದು 2019ರಲ್ಲಿ.

ದೋಣಿಯಿಂದ ಆ ದೊಡ್ಡ ಜೋಡಿ ಸೇತುವೆ ಕಾಣಿಸುತ್ತದೆ. ಸೆಪ್ಟೆಂಬರ್ 1ರಂದು ಸಮಾವೇಶ ಭವನದ ಕಡೆಯಿಂದ ಜನ ಅದರ ಮೇಲೆ ನಡೆದು ಆಚೆ ದಡಕ್ಕೆ ಹೊರಟರು. ಮಕ್ಕಳು, ಗಾಲಿಕುರ್ಚಿಯಲ್ಲಿ ಕೂತವರು ಎಲ್ಲ ಇದ್ದರು. ಆಚೆಯ ಗ್ರೆಟ್ನಾ ಊರಿನ ಪೊಲೀಸರು ಅಡ್ಡ ನಿಂತು, ತಲೆಯ ಮೇಲೆ ಗುಂಡು ಹಾರಿಸಿ ವಾಪಸ್ ಕಳಿಸಿದರು. ಅವರ ನಗರಸಭೆ ಆಮೇಲೆ ಅದನ್ನು ಸಮರ್ಥಿಸಿ ಠರಾವು ಮಾಡಿತು. ಯಾಕೆ ಊರು ಬಿಡಲಿಲ್ಲ ಅಂತ ಕೇಳಿದೆನಲ್ಲ. ಬಿಡಲು ಹೊರಟವರಿಗೆ ಆಗಿದ್ದು ಇದು.

ದಿನ 4, ಭಾನುವಾರ

ಬೆಳಿಗ್ಗೆ ಡಾನ್‌ಜಿಗರ್ ಸೇತುವೆಯ ಮೇಲೆ ಹೋದೆವು. ನಿಲ್ಲಿಸಲು ಜಾಗವಿಲ್ಲ, ಎರಡು ಸಲ ದಾಟಿದೆವು. 2005ರ ಸೆಪ್ಟೆಂಬರ್ 4ರಂದು, ಅದೂ ಭಾನುವಾರ, ಸಾಮಾನು ಹುಡುಕಿಕೊಂಡು ನಡೆಯುತ್ತಿದ್ದ ಕುಟುಂಬವೊಂದರ ಮೇಲೂ, ಮನೆ ಕಡೆ ಹೊರಟಿದ್ದ ಇಬ್ಬರು ಅಣ್ಣತಮ್ಮಂದಿರ ಮೇಲೂ ಪೊಲೀಸರು ಗುಂಡು ಹಾರಿಸಿದರು. ಯಾರ ಕೈಯಲ್ಲೂ ಆಯುಧ ಇರಲಿಲ್ಲ. 17 ವರ್ಷದ ಹುಡುಗ ಸತ್ತ. ಬುದ್ಧಿಮಾಂದ್ಯತೆ ಇದ್ದ 40 ವರ್ಷದವನಿಗೆ ಬೆನ್ನಿಗೆ ಗುಂಡು ಬಿತ್ತು, ಅವನೂ ಸತ್ತ. ಅವನ ಅಣ್ಣನ ಮೇಲೆಯೇ ಪೊಲೀಸರನ್ನು ಕೊಲ್ಲಲು ನೋಡಿದ ಅಂತ ಸುಳ್ಳು ಕೇಸು ಹಾಕಿದರು. 2011ರಲ್ಲಿ ಪೊಲೀಸರು ತಪ್ಪಿತಸ್ಥರು ಅಂತ ತೀರ್ಪಾಯಿತು. 2013ರಲ್ಲಿ ಅದು ರದ್ದಾಯಿತು. 2016ರಲ್ಲಿ ಕೊನೆಗೂ ಅವರೇ ತಪ್ಪು ಒಪ್ಪಿಕೊಂಡರು. ಹನ್ನೊಂದು ವರ್ಷ. ಮಗಳಿಗೆ ಈಗ ಹದಿನೇಳು. ಸೇತುವೆ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.

ಕೊನೆಯದಾಗಿ ಕೆನಾಲ್ ಸ್ಟ್ರೀಟಿನ ಸ್ಮಾರಕ. ಅದು ಮೊದಲು ಚಾರಿಟಿ ಆಸ್ಪತ್ರೆಯ ಸ್ಮಶಾನ, ದಿಕ್ಕಿಲ್ಲದ ಬಡವರನ್ನು ಮಣ್ಣು ಮಾಡುತ್ತಿದ್ದ ಜಾಗ. ಚಂಡಮಾರುತದ ಸುಳಿಯ ಆಕಾರದಲ್ಲಿ ಕಾಲುದಾರಿ, ನಡುನಡುವೆ ಕಪ್ಪು ಕಲ್ಲಿನ ಗೂಡುಗಳು. ಯಾರೂ ಬಂದು ಕೇಳದ 80ಕ್ಕೂ ಹೆಚ್ಚು ಶವಗಳು ಅಲ್ಲಿವೆ. ಕಲ್ಲಿನ ಮೇಲೆ ನಮ್ಮ ಮುಖವೇ ಕಾಣಿಸುತ್ತಿತ್ತು.

ಸಂಜೆ ಹೊರಟೆವು. ಹೆದ್ದಾರಿ ಹತ್ತಿದ ಮೇಲೆ ಮಗಳು ಕೇಳಿದಳು, "ಅಮ್ಮ, ನಿಮ್ಮೂರಿಗೂ ನೀರು ಬಂದಿತ್ತಲ್ವಾ?"

ಬಂದಿತ್ತು. ಬಾದಾಮಿ ತಾಲ್ಲೂಕು, ಮಲಪ್ರಭೆಯ ದಡದಲ್ಲಿ ನಮ್ಮ ಹಳ್ಳಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕಕ್ಕೆಲ್ಲ ಮಳೆ ಹೊಡೆದಾಗ ಹೊಳೆ ಊರೊಳಗೆ ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತ ವರ್ಷ ಅದು. ಆಗಲೂ ಬೆಂಗಳೂರಿನ ಬಂಧುಗಳು ಕೇಳಿದ್ದು ಅದೇ ಮಾತು, ಮೊದಲೇ ಯಾಕೆ ಹೊರಡಲಿಲ್ಲ ಅಂತ. ನಮಗೆ ಎಷ್ಟು ಸಿಟ್ಟು ಬಂದಿತ್ತು! ಎಮ್ಮೆ, ಎತ್ತು ಬಿಟ್ಟು ಎಲ್ಲಿಗೆ ಹೊರಡುವುದು?

ನಮ್ಮ ಮನೆ ಊರ ನಡುವೆ, ದಿಬ್ಬದ ಮೇಲೆ. ಮೆಟ್ಟಿಲವರೆಗೆ ನೀರು ಬಂದು ನಿಂತಿತ್ತು. ತಗ್ಗಿನಲ್ಲಿ, ಹೊಳೆಯ ಕಡೆ ಇರುವುದು ದಲಿತರ ಕೇರಿ. ಇಷ್ಟು ವರ್ಷ ನಾನು ನೀರಿನ ಕಥೆ ಹೇಳುವಾಗೆಲ್ಲ ನಮ್ಮ ಮೆಟ್ಟಿಲಿನ ಕಥೆಯನ್ನೇ ಹೇಳಿದ್ದೇನೆ.

ಅಲ್ಲಿ ಬೆಳಗಿನ ಐದೂವರೆ, ಅಣ್ಣ ಎಮ್ಮೆ ಹಿಂಡಲು ಏಳುವ ಹೊತ್ತು. ಕಾರಿನ ಸ್ಪೀಕರಿನಲ್ಲೇ ಫೋನ್ ಹಚ್ಚಿದೆ.

"ಅಣ್ಣಾ, ಆ ವರ್ಷ ಹೊಳಿ ಬಂದಾಗ ಕೇರಿಯವರು ಎಲ್ಲಿದ್ರು?"

"ಇದೇನವಾ, ಇಷ್ಟು ಲಗೂನ ಫೋನ್ ಹಚ್ಚಿ ಅದನ್ನ ಕೇಳ್ತೀ?"

"ಹೇಳು. ಎಲ್ಲಿದ್ರು?"

ಬಕೆಟ್ಟು ನೆಲಕ್ಕಿಟ್ಟ ಸದ್ದು ಕೇಳಿಸಿತು. "ಶಾಲ್ಯಾಗ ಇದ್ರು. ನಾವು ಗುಡಿಯಾಗ ಇದ್ವಲ್ಲ."

"ಅಡುಗಿ?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅದೂ ಬ್ಯಾರೆ ಬ್ಯಾರೆನ."

ಹಿಂದಿನ ಸೀಟಿನಲ್ಲಿ ಮಗಳ ಪೆನ್ನು ನಿಂತಿತು. "ಮಾಮ," ಅಂದಳು, ಮುಂದೆ ಬಗ್ಗಿ, "ಅವರ ಮನೆಗಳು ಈಗ ಎಲ್ಲಿವೆ?"

"ಅಲ್ಲೇ ಅದಾವ," ಅಂದ ಅಣ್ಣ. "ತೆಗ್ಗಿನಾಗ."